ಆರ್ನಲ್ಡ್‌ನ ಜೋಕಿಗೆ ನಕ್ಕವರು

ಟಿ.ವಿ.ಯಲ್ಲಿ ಆರ್ನಲ್ಡ್ ಗ್ಲೆಡ್‌ಹಿಲ್‌ನ ಮುಖ ಕಂಡರೆ ಇಂಗ್ಲೆಂಡಿನ ಅರ್ಧ ಜನ ಕರ್ಚೀಫು ಹುಡುಕುತ್ತಿದ್ದರು. ಗಣಿಯಲ್ಲಿ ಮಗನನ್ನು ಕಳೆದುಕೊಂಡ ಅಪ್ಪ, ಕೆಲಸ ಹೋದ ಕುಡುಕ, ತಮ್ಮನ ಹೆಣ ಗುರುತಿಸಲು ಬಂದ ಅಣ್ಣ, ಬರೀ ಇಂಥವೇ ಪಾತ್ರ. ಪತ್ರಿಕೆಯವರು ಮಹಾನಟ ಎಂದು ಹೊಗಳಿದಷ್ಟೂ ಅವನಿಗೆ ಮೈ ಉರಿಯುತ್ತಿತ್ತು. ತಾನು ಹಾಸ್ಯಗಾರ, ಟಿ.ವಿ.ಗೆ ಬರುವ ಮುಂಚೆ ತನ್ನೂರು ಬಾರ್ನ್ಸ್ಲಿಯ ಗಣಿ ಕಾರ್ಮಿಕರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದವನು! ಅದನ್ನು ಇನ್ನೊಮ್ಮೆ ತೋರಿಸದೆ ಸಾಯುವುದಿಲ್ಲ ಎಂದು ಹಟ ಹಿಡಿದು, ಒಂದು ಭಾನುವಾರ ಮಧ್ಯಾಹ್ನ ಅಲ್ಲಿನ ಕಾರ್ಮಿಕರ ಕ್ಲಬ್ಬಿನ ವೇದಿಕೆ ಹತ್ತಿದ.

ಅಂಥ ಕ್ಲಬ್ಬುಗಳಿಗೆ ದಯೆ ದಾಕ್ಷಿಣ್ಯ ಇಲ್ಲ. ನಗೆ ಹುಟ್ಟದಿದ್ದರೆ ಕಾರ್ಯದರ್ಶಿ ನಡುವೆಯೇ ಬಿಂಗೊ ಎಂಬ ಅಂಕಿಯಾಟ ಶುರು ಮಾಡಿಸಿ ಹಾಸ್ಯಗಾರನನ್ನು ಮನೆಗೆ ಅಟ್ಟುತ್ತಾನೆ. ಬೇರೆ ಊರುಗಳಲ್ಲಿ ಆರ್ನಲ್ಡ್‌ನನ್ನು ಅಟ್ಟಿದ್ದುಂಟು. ಇಲ್ಲಿ ಮಾತ್ರ ಒಮ್ಮೆಯೂ ಇಲ್ಲ. ಅವನ ಜಂಬವೆಲ್ಲ ಅದರ ಮೇಲೇ ನಿಂತಿತ್ತು.

ಅತ್ತೆಯ ಜೋಕು ಹೇಳಿದ. ಸದ್ದಿಲ್ಲ. ಪಾರಿವಾಳದ ಜೋಕು ಹೇಳಿದ. ಮುಂದೆ ಕೂತಿದ್ದ ಮುದುಕಿ ಕಣ್ಣೊರೆಸಿಕೊಂಡಳು.

"ಪಾಪ, ಎಷ್ಟು ನೊಂದಿದಾನೆ ನೋಡೇ," ಎಂದಳು ಪಕ್ಕದವಳಿಗೆ.

"ನಗ್ರಮ್ಮಾ! ಅದು ಜೋಕು!" ಎಂದು ಆರ್ನಲ್ಡ್ ಕಿರುಚಿದ.

ಜನ ತಲೆ ತಗ್ಗಿಸಿದರು. ಕಾರ್ಯದರ್ಶಿ ಸಿರಿಲ್ ಮೆಲ್ಲಗೆ ಬಂದು ಅವನ ಹೆಗಲು ಹಿಡಿದ. "ಬಿಂಗೊ ಟೈಮಾಯ್ತು, ಬಾರೋ."

ಪರದೆ ಹಿಂದೆ ಹೋದದ್ದೇ ಆರ್ನಲ್ಡ್ ಎಗರಾಡಿದ. "ನನ್ನನ್ನೇ ಅಟ್ತೀಯೇನೋ? ಇದೇ ಜೋಕಿಗೆ ಇದೇ ಜನ ಬಿದ್ದು ಬಿದ್ದು ನಗ್ತಿದ್ರು!"

"ನಗ್ತಿದ್ರು ಮಾರಾಯಾ. ಬಾರಲ್ಲಿ ನಿನ್ ಹೆಂಡ್ತಿ ಎಡ್ನಾ ನಿಂತಿರ್ತಿದ್ಲಲ್ಲ, ನಗದೇ ಇದ್ದೋರಿಗೆ ಅವಳು ಬಿಯರ್ ಕೊಡ್ತಿರ್ಲಿಲ್ಲ. ಈಗ ಅವಳೇ ಇಲ್ಲ."

"ಅವಳಾದ್ರೂ ನಗ್ತಿದ್ಲಲ್ಲ?"

ಸಿರಿಲ್ ನೆಲ ನೋಡಿದ. "'ನಮ್ಮೋನಿಗೆ ಅಳಿಸೋಕಷ್ಟೇ ಬರುತ್ತೆ, ಹೇಳಿದ್ರೆ ಸತ್ತೇ ಹೋಗ್ತಾನೆ' ಅಂತಿದ್ಲು ಕಣೋ."

ಸತ್ತು ಮಣ್ಣಾದವಳ ಮೇಲೆ ಆರ್ನಲ್ಡ್‌ಗೆ ಹುಚ್ಚು ಕೋಪ ಬಂತು. ಒಂದು ಸಲ, ಒಂದೇ ಸಲ ಹೇಳಬಾರದಿತ್ತೇ? ಬೈಯೋಣವೆಂದರೆ ಅವಳಿಲ್ಲ.

ಅಷ್ಟರಲ್ಲಿ ಆ ಮುದುಕಿ ಪರದೆ ಸರಿಸಿ ಇಣುಕಿದಳು. "ಟಿ.ವಿ.ಲಿ ಮಗ ಸತ್ತಾಗ ಅಳ್ತೀರಲ್ಲ ಸರ್, ಅದೊಂದು ಮಾಡಿ ತೋರಿಸ್ರೀ."

ಮಾಡಿದ. ಇಡೀ ಸಭೆ ಬಿಕ್ಕಿ ಬಿಕ್ಕಿ ಅತ್ತು, ಎದ್ದು ನಿಂತು ಚಪ್ಪಾಳೆ ತಟ್ಟಿತು. ಆರ್ನಲ್ಡ್ ಮಾತ್ರ ಆ ಒದ್ದೆ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತ, ಇವರಲ್ಲಿ ಒಬ್ಬರಾದರೂ ಅಂದು ನಿಜವಾಗಿ ನಕ್ಕಿದ್ದರೇ ಎಂದು.