ಬಿಳಿಮಣ್ಣು ಬಾರದ ತಿಂಗಳು

ಬಲಗಾಲಿನದು ಹೊಲಿದು ಮುಗಿದಿತ್ತು. ಎಡಗಾಲಿನದು ಅರ್ಧಕ್ಕೆ ಬಂದಿತ್ತು. ವಾರಿಜ ಮೆಷಿನ್ನು ತುಳಿಯುವುದನ್ನು ನಿಲ್ಲಿಸಿ, ಹಲ್ಲಿನಲ್ಲಿ ದಾರ ಕಡಿದು, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹೊಲಿಗೆಯಲ್ಲಿ ಎಲ್ಲಾದರೂ ಸಂದು ಉಳಿದಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು. ಆ ಅರ್ಧ ಹೊಲಿದ ಎಡಗಾಲು ನಾನು. ನಾನು ಲೋಕದಲ್ಲಿ ಮೊದಲು ಕಂಡದ್ದು ಅವಳ ಇನ್ನೊಂದು ಕಣ್ಣನ್ನು.

"ಎಳೆ ಉಂಬಳ ನೂಲಿನಷ್ಟು ಸಪೂರ ಇರ್ತದೆ. ಇಷ್ಟು ಸಂದು ಸಿಕ್ಕಿದ್ರೆ ಸಾಕು ಅದಕ್ಕೆ" ಎಂದು ತನ್ನಷ್ಟಕ್ಕೇ ಹೇಳಿಕೊಂಡು ಇನ್ನೊಂದು ಸುತ್ತು ಹೊಲಿದಳು.

ನಾನು ಉಂಬಳದ ಚೀಲ. ರಕ್ತ ಹೀರುವ ಜಿಗಣೆಗೆ ಇಲ್ಲಿ ಉಂಬಳ ಎನ್ನುತ್ತಾರೆ. ಕಾಡಿನಲ್ಲಿ ನಡೆಯುವವರು ಅದು ಹತ್ತದಂತೆ ನನ್ನನ್ನು ಮೊಣಕಾಲಿನವರೆಗೆ ಏರಿಸಿ, ಲಾಡಿ ಬಿಗಿದು, ಮೇಲೆ ಶೂ ಹಾಕಿಕೊಳ್ಳುತ್ತಾರೆ. ದಪ್ಪ ಮಂಜರ್‌ಪಾಟ್ ಬಟ್ಟೆ ನನ್ನ ಮೈ. ಎಡಗಾಲಿನದೆಂದು ಗುರುತಿಗೆ ಅಂಚಿನಲ್ಲಿ ಕೆಂಪು ದಾರ.

ವಾರಿಜಳ ಮನೆ ರಾಷ್ಟ್ರೀಯ ಉದ್ಯಾನದ ಗೇಟಿನ ಪಕ್ಕದಲ್ಲೇ ಇದೆ. ಅವಳ ಗಂಡ ಲೋಕಯ್ಯ ಅಲ್ಲಿ ದಾರಿ ತೋರಿಸುವ ಗೈಡು. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ. ಹೊನ್ನೆಕೆರೆಯವರೆಗೆ ಏಳು ಕಿಲೋಮೀಟರ್ ಹೋಗಿ ಬರುವವರನ್ನು ಅವನು ಕರೆದೊಯ್ಯುತ್ತಾನೆ. ಅವರ ಕಾಲಿಗೆ ಬಾಡಿಗೆಯ ಚೀಲ ಕೊಡುವುದು, ಸಂಜೆ ವಾಪಸು ಪಡೆದು ತೊಳೆಯುವುದು ವಾರಿಜಳ ಕೆಲಸ.

ನನ್ನ ಮೊದಲ ನಡಿಗೆ ಹಕ್ಕಿ ಎಣಿಸಲು ಬಂದ ಒಬ್ಬ ಉದ್ದ ಕಾಲಿನ ಮನುಷ್ಯನ ಜೊತೆ. ಅವನು ಇಡೀ ದಿನ ಮೇಲೆ ನೋಡಿದ. ನಾನು ಕೆಳಗಿನದನ್ನೆಲ್ಲ ನೋಡಿದೆ. ಮೊದಲು ಹುಲ್ಲುಗುಡ್ಡದ ಕೆಂಪು ಮಣ್ಣು. ಅದು ದಾಟಿದರೆ ಹಳೆಯ ಕಾಡು. ಅಲ್ಲಿನ ನೆಲ ಕಾಫಿಪುಡಿಯಂತೆ ಕಂದು, ಮೆತ್ತಗೆ. ಎಷ್ಟೋ ಕಾಲದ ಎಲೆ ಅಲ್ಲಿ ಮಣ್ಣಾಗಿ ಮಲಗಿದೆ. ಆಮೇಲೆ ದಾರಿ ಎರಡಾಗುತ್ತದೆ. ಬಲಕ್ಕೆ ತಿರುಗಿದರೆ ಮುನ್ನೂರು ಕಲ್ಲಿನ ಮೆಟ್ಟಿಲುಗಳ ಇಳಿಜಾರು. ಬುಡದಲ್ಲಿ ಹಡ್ಲು, ಎಂದರೆ ಕಾಲಿಟ್ಟಲ್ಲಿ ನೀರು ಒಸರುವ ಜೌಗು. ಅದರ ಮೇಲೆ ಹಲಗೆ ಹಾಸಿದ ದಾರಿ. ಎರಡೂ ಬದಿಯಲ್ಲಿ ರಾಮಪತ್ರೆ ಮರಗಳ ಬೇರುಗಳು ಕರಿ ಕೆಸರಿನಿಂದ ಮೇಲೆದ್ದು, ಮಡಚಿ, ಮತ್ತೆ ಕೆಸರಿಗೆ ಇಳಿಯುತ್ತವೆ. ನೂರಾರು ಜನ ಮಂಡಿ ಮಡಚಿ ಕೂತಂತೆ ಕಾಣುತ್ತದೆ. ನಾನು ನೋಡುವುದು ಕಾಲಿನ ಎತ್ತರದಿಂದ. ಹಾಗಾಗಿ ಆ ಮರಗಳು ನನಗೆ ನೆಂಟರಂತೆ ಅನಿಸಿದವು.

ಕೊನೆಗೆ ಹೊನ್ನೆಕೆರೆ. ಆಚೆಯ ದಡ ಕಾಣದಷ್ಟು ನೀರು. ಉದ್ದ ಕಾಲಿನ ಮನುಷ್ಯ ಪುಸ್ತಕ ಮುಚ್ಚಿಟ್ಟು ದಡದಲ್ಲಿ ಸುಮ್ಮನೆ ನಿಂತ. ನಾನು ಶೂ ಮುಳುಗುವಷ್ಟು ದಡದ ಬಿಳಿಮಣ್ಣಿನಲ್ಲಿ ಹೂತುಹೋದೆ.

ಆ ಸಂಜೆ ಹಿತ್ತಲ ಕಲ್ಲಿನ ಮೇಲೆ ವಾರಿಜ ನನ್ನನ್ನು ಹರಡಿಕೊಂಡಳು. ನೀರು ಹಾಕುವ ಮೊದಲು ವಾಪಸು ದಾರಿಯ ಮಣ್ಣು ಕೊಡವಿ, ಅದರೊಳಗಿನದನ್ನು ಉಗುರಿನಿಂದ ಪದರ ಪದರವಾಗಿ ಎಬ್ಬಿಸಿದಳು. ಬಿಳಿ, ಅದರಡಿ ಕರಿ, ಅದರಡಿ ಕಂದು, ತಳದಲ್ಲಿ ಕೆಂಪು. ಪ್ರತಿಯೊಂದನ್ನೂ ಮೂಸಿದಳು. ಆಮೇಲೆ ಬೆರಳಿಗೆ ಬಿಳಿಮಣ್ಣು ಹಚ್ಚಿಕೊಂಡು ಹಿತ್ತಲ ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟಳು. ಆಗ ನೋಡಿದೆ, ಆ ಗೋಡೆಯ ತುಂಬ ಚುಕ್ಕೆಗಳಿದ್ದವು. ಕೆಂಪು, ಕಂದು, ಕರಿ, ಬಿಳಿ, ಸಾಲಿಗೆ ಸಾಲು.

ಹದಿನೇಳು ವರ್ಷ ಗೇಟಿನ ಪಕ್ಕದಲ್ಲಿದ್ದರೂ ವಾರಿಜ ಒಂದು ದಿನವೂ ಒಳಗೆ ಹೋದವಳಲ್ಲ. ಅವಳು ಕಡಲ ಬದಿಯಿಂದ ಮದುವೆಯಾಗಿ ಬಂದವಳು. ಮರಳು ಬಿಟ್ಟರೆ ಬೇರೆ ನೆಲ ಕಂಡಿರಲಿಲ್ಲ. ಬಂದ ಹೊಸದರಲ್ಲಿ ಒಮ್ಮೆ ಕೇಳಿದ್ದಳಂತೆ. "ನಿಂಗೆ ಅಲ್ಲಿ ಎಂತ ಕೆಲಸ ಮಾರಾಯ್ತಿ? ಉಂಬಳ ಕಚ್ಚಿಸಿಕೊಳ್ಳುದಾ?" ಎಂದು ಲೋಕಯ್ಯ ನಕ್ಕಿದ್ದ. ಮತ್ತೆ ಅವಳು ಕೇಳಲಿಲ್ಲ. ಬದಲಿಗೆ ವಾಪಸು ಬಂದವರನ್ನು ಕೇಳಿದಳು. ಕರಿ ಕೆಸರು ಎಲ್ಲಿ ಸಿಗ್ತದೆ? ಮೆಟ್ಟಿಲಿಗಿಂತ ಮುಂಚೆಯಾ, ಆಮೇಲಾ? ಬಿಳಿಮಣ್ಣು ಕಾಲಿಗೆ ತಂಪಾ? ಸುಸ್ತಾದವರು ಒಂದು ಮಾತು ಹೇಳಿ ಹೋಗುತ್ತಿದ್ದರು. ಉಳಿದದ್ದನ್ನು ಅವಳು ನಮ್ಮ ಮೈಯಿಂದಲೇ ಓದಿದಳು.

ನಾನು ಎಷ್ಟು ಕಾಲುಗಳನ್ನು ಕಂಡೆನೋ. ಒಬ್ಬಳು ಹೊಸ ಮದುವಣಗಿತ್ತಿ, ಗಂಡ ಉಂಬಳಕ್ಕೆ ಹೆದರುತ್ತಾನೆಂದು ದಾರಿಯುದ್ದಕ್ಕೂ ಅವನನ್ನು ಛೇಡಿಸಿದಳು. ಹಡ್ಲಿನಲ್ಲಿ ತನ್ನ ಬೆರಳಿಗೆ ಒಂದು ಹತ್ತಿದ್ದೇ ಅವನ ಬೆನ್ನೇರಿದಳು. ಒಬ್ಬ ಮುದುಕ ಪ್ರತಿ ಮೆಟ್ಟಿಲಿಗೂ ದೇವರ ಹೆಸರು ಹೇಳಿದ. ಇನ್ನೂರು ಮೆಟ್ಟಿಲಿಗೆ ಗೊತ್ತಿದ್ದ ದೇವರೆಲ್ಲ ಮುಗಿದು, ಆಮೇಲೆ ಮೊಮ್ಮಕ್ಕಳ ಹೆಸರು ಹೇಳಿದ. ವರ್ಷಗಳು ಕಳೆದವು. ನನ್ನ ಹಿಮ್ಮಡಿಗೆ ಎರಡು ತೇಪೆ ಬಿದ್ದವು. ಸಂಜೆಯ ಕಲ್ಲು, ಅವಳ ಉಗುರು, ಗೋಡೆಯ ಚುಕ್ಕೆ ಮಾತ್ರ ತಪ್ಪಲಿಲ್ಲ.

ಈ ಸಲ ಮಳೆಗಾಲ ಮುಗಿದು ಗೇಟು ತೆರೆದ ಮೊದಲ ತಿಂಗಳ ಕೊನೆಯಲ್ಲಿ, ದಾವಣಗೆರೆಯಿಂದ ಚೆನ್ನಬಸಮ್ಮ ಟೀಚರ್ ಒಬ್ಬರೇ ಬಂದರು. ಕೆಲಸದಿಂದ ನಿವೃತ್ತರಾದವರು, ದೊಡ್ಡ ದನಿಯವರು. ನನ್ನನ್ನು ಏರಿಸಿಕೊಂಡು, "ಏನ್ರೀ ವಾರಿಜ, ಇದು ಚೀಲಾನೋ, ಹಿಟ್ಟಿನ ಮೂಟೇನೋ?" ಎಂದು ನಕ್ಕರು. ನನಗೆ ಅವರ ಕಾಲು ಇಷ್ಟವಾಯಿತು. ಗಟ್ಟಿಯಾಗಿ ಊರುವ ಕಾಲು.

ದಾರಿ ಎರಡಾಗುವಲ್ಲಿ ಲೋಕಯ್ಯ ನಿಂತ. ಬಲಕ್ಕೆ ಮೆಟ್ಟಿಲುಗಳನ್ನು ನೋಡಿದ. ಅವನ ಕೈ ಬಲ ಮಂಡಿಯ ಮೇಲೆ ಹೋಯಿತು. ಮುಖ ನನಗೆ ಕಾಣುವುದಿಲ್ಲ, ಮಂಡಿ ಕಾಣುತ್ತದೆ. ಅದು ನಡುಗುತ್ತಿತ್ತು.

"ಹೀಗೆ ಬನ್ನಿ, ಟೀಚರ್" ಎಂದು ಎಡಕ್ಕೆ ತಿರುಗಿದ.

ಸ್ವಲ್ಪ ದೂರದಲ್ಲಿ ಕಾಟಿಹೊಂಡ. ಕಾಡುಕೋಣಗಳು ಹೊರಳಾಡುವ ನೀರಗುಂಡಿ. ಲೋಕಯ್ಯ ಕೆಮ್ಮಿ, "ಇದೇ ಹೊನ್ನೆಕೆರೆ" ಎಂದ.

ಟೀಚರ್ ಹೊಂಡದ ಅಂಚಿನವರೆಗೆ ಹೋಗಿ ನಿಂತರು. ಆಮೇಲೆ, "ಚೆನ್ನಾಗೈತಿ" ಎಂದರು. ಮಕ್ಕಳ ಕೆಟ್ಟ ಚಿತ್ರಕ್ಕೆ ಹಾಗೆ ಹೇಳಿ ಅವರಿಗೆ ರೂಢಿ ಇರಬೇಕು. ಹೊಂಡದ ಅಂಚಿನ ಮುಳ್ಳಿಗೆ ಸಿಕ್ಕಿ ನನ್ನ ಜೋಡಿ, ಬಲಗಾಲಿನ ಚೀಲ, ಉದ್ದಕ್ಕೆ ಹರಿಯಿತು. ನಾನು ಬೂದು ಕೆಸರು ಮೆತ್ತಿಕೊಂಡು ಮರಳಿದೆ. ನನಗೆ ಬಾಯಿ ಇಲ್ಲ. ಇದ್ದದ್ದು ಮೈಮೇಲಿನ ಮಣ್ಣು ಮಾತ್ರ.

ಚೀಲ ಬಿಚ್ಚುತ್ತಾ ಟೀಚರ್ ಹೇಳಿದರು, "ಬರೋ ಭಾನುವಾರ ಮತ್ತ ಬರ್ತೀನ್ರಿ, ನಾಲ್ಕು ಗೆಳತೇರನ್ನ ಕರ್ಕೊಂಡು. ಅದರಾಗ ನಿಂಗಮ್ಮ ಅಂತ, ಹತ್ತು ವರ್ಷದ ಹಿಂದ ಈ ಕೆರೀ ನೋಡ್ಯಾಳ. ಆಚೀ ದಡಾನೇ ಕಾಣಂಗಿಲ್ಲ ಅಂದಿದ್ಲು. ನನಗ ಕಂಡಿದ್ದು ಬರೀ ಗೊರಸಿನ ಗುರುತು. ಆಕೀನೇ ಬಂದು ನೋಡ್ಲಿ, ಯಾರು ಸುಳ್ಳು ಹೇಳಿದ್ದು ಅಂತ ಗೊತ್ತಾಗ್ತೈತಿ."

ವಾರಿಜ ನಗಲಿಲ್ಲ. "ಬನ್ನಿ" ಎಂದಳು.

ಹಿತ್ತಲ ಕಲ್ಲಿನ ಮೇಲೆ ಅವಳು ನನ್ನನ್ನು ಹರಡಿದಳು. ಉಗುರಿನಿಂದ ಬೂದು ಪದರ ಎಬ್ಬಿಸಿದಳು. ಅದರಲ್ಲಿ ಗಡಸು ಕೂದಲು ಸಿಕ್ಕಿತು. ಮೂಸಿದಳು, ಸೆಗಣಿಯ ವಾಸನೆ. ಅದರಡಿಯಲ್ಲಿ ಕರಿ ಇಲ್ಲ, ನೇರ ಕಂದು. ಅವಳು ಎದ್ದು ಗೋಡೆಯ ಹತ್ತಿರ ಹೋದಳು. ತಿಂಗಳಿಂದ ಇಟ್ಟ ಚುಕ್ಕೆಗಳ ಸಾಲಿನಲ್ಲಿ ಕೆಂಪಿತ್ತು, ಕಂದಿತ್ತು, ಬೂದಿತ್ತು. ಆ ಬೂದು, ಮಳೆ ತಂದ ಹೊಸ ಮಣ್ಣಿರಬೇಕೆಂದು ಅವಳು ಅಂದುಕೊಂಡಿದ್ದಳು. ಬಿಳಿ ಚುಕ್ಕೆ ಒಂದೂ ಇರಲಿಲ್ಲ.

ಊಟಕ್ಕೆ ಬಡಿಸುತ್ತಾ ಕೇಳಿದಳು, "ಹೊನ್ನೆಕೆರೆಯಲ್ಲಿ ಈಗ ನೀರು ಎಷ್ಟುಂಟು?"

"ಉಂಟು, ಉಂಟು. ಧಾರಾಳ ಉಂಟು" ಎಂದ ಲೋಕಯ್ಯ, ತಟ್ಟೆಯಿಂದ ತಲೆ ಎತ್ತದೆ.

"ಟೀಚರ್ ಭಾನುವಾರ ಮತ್ತೆ ಬರ್ತಾರಂತೆ. ಮೊದಲೇ ಕೆರೆ ನೋಡಿದವರು ಒಬ್ಬರು ಇದ್ದಾರಂತೆ ಜೊತೆಗೆ."

ಅವನ ಕೈಯ ತುತ್ತು ಅಲ್ಲೇ ನಿಂತಿತು. "ಬರ್ಲಿ, ಅದಕ್ಕೆಂತ" ಎಂದ. ಆಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದ. ಮೂರೇ ಮೆಟ್ಟಿಲು. ಗೋಡೆ ಹಿಡಿದು, ಒಂದೊಂದಕ್ಕೂ ಎರಡು ಕಾಲು ಕೂಡಿಸಿ ಇಳಿದ. ಆ ಮಂಡಿ ಕೆಟ್ಟದ್ದು ಗೊತ್ತಾದರೆ ಬಿಲ್ಲೆ ಕಿತ್ತುಕೊಳ್ಳುತ್ತಾರೆಂದು ಅವನು ಆಫೀಸಿನಲ್ಲಿ ಹೇಳಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ. ಈಗ ಜನರಿಗೆ ಹೊಂಡ ತೋರಿಸಿ ಕೆರೆ ಎಂದದ್ದು ತಿಳಿದರೆ ಬಿಲ್ಲೆಯ ಜೊತೆ ಮರ್ಯಾದೆಯೂ ಹೋಗುತ್ತದೆ. ವಾರಿಜ ಬಾಗಿಲಲ್ಲಿ ನಿಂತು ನೋಡಿದಳು. ಅವನು ತಿರುಗುವ ಮೊದಲೇ ಒಳಗೆ ಬಂದಳು.

ವಾರಿಜ ನನ್ನನ್ನು ನೆಲ ಒರೆಸುವ ಬಟ್ಟೆಗಳ ರಾಶಿಗೆ ಹಾಕಿದ್ದಳು. ಜೋಡಿ ಹರಿದ ಚೀಲವನ್ನು ಯಾರು ಕಟ್ಟುತ್ತಾರೆ? ಮೆಷಿನ್ನಿನ ಕೆಳಗಿನ ಆ ಮೂಲೆಯಲ್ಲಿ ಬೆಚ್ಚಗಿತ್ತು. ನನ್ನ ನಡಿಗೆ ಮುಗಿಯಿತೆಂದು ನಾನೂ ಒಪ್ಪಿಕೊಂಡಿದ್ದೆ. ಕಾಣಬೇಕಾದದ್ದನ್ನು ಕಂಡಿದ್ದೆ. ತೊಳೆದವಳಿಗೆ ಮಾತ್ರ ಅದು ಕಾಣಲಿಲ್ಲವಲ್ಲ ಎಂಬುದೊಂದೇ ಕೊರಗು.

ಶುಕ್ರವಾರ ಮಧ್ಯಾಹ್ನ ಅವಳ ಕೈ ರಾಶಿಯೊಳಗೆ ಬಂತು. ಕೆಂಪು ದಾರ ಹುಡುಕಿ ನನ್ನನ್ನು ಎಳೆಯಿತು. ಅವಳು ಸೀರೆ ಎತ್ತಿ, ತನ್ನ ಎಡಗಾಲಿಗೆ ನನ್ನನ್ನು ಏರಿಸಿಕೊಂಡಳು. ಎಷ್ಟೋ ಕಾಲುಗಳಲ್ಲಿ ಈ ಒಂದು ಕಾಲು ನನಗೆ ಹೊಸದು. ಲಾಡಿ ಸಡಿಲವಾಗಿತ್ತು. ಅದನ್ನು ಕಿತ್ತು, ಅವಳ ಮೀನಖಂಡದ ಅಳತೆಗೆ ಹೊಸತು ಹಾಕಿದಳು. ಆಮೇಲೆ ಹೊಸ ಮಂಜರ್‌ಪಾಟ್ ಕತ್ತರಿಸಿ ಬಲಗಾಲಿನದನ್ನು ಹೊಲಿಯಲು ಕೂತಳು. ಅದು ಅರ್ಧಕ್ಕೆ ಬಂದಾಗ ಲೋಕಯ್ಯ ಬಾಗಿಲಲ್ಲಿ ನಿಂತ.

"ಯಾರಿಗೆ ಅದು?"

"ಐದು ಹೆಂಗಸರು ಬರ್ತಾರಲ್ಲ, ಜೊತೆಗೆ ಒಬ್ಬಳು ಹೆಂಗಸಿದ್ರೆ ಒಳ್ಳೇದು. ನಾನೂ ಬರ್ತೇನೆ. ಗಾರ್ಡಿನ ಹತ್ತಿರ ಕೇಳಿ ಆಯ್ತು."

"ನೀನಾ? ಉಂಬಳ ಉಂಟು ಅಲ್ಲಿ."

"ಅದಕ್ಕೇ ಅಲ್ವಾ ಚೀಲ?"

ಅವನು ಮೆಷಿನ್ನಿನ ಮೇಲಿನ ಅರ್ಧ ಚೀಲವನ್ನು ನೋಡಿದ. ಮಂಡಿ ಒತ್ತಿಕೊಳ್ಳುತ್ತಾ ಹೊರಟ. ವಾರಿಜ ಹಿತ್ತಲಿಗೆ ಬಂದು ಗೋಡೆಯ ಮುಂದೆ ನಿಂತಳು. ಬೆರಳನ್ನು ಕೆಂಪಿನ ಮೇಲಿಟ್ಟಳು, ಕಂದಿಗೆ ಸರಿಸಿದಳು. ಅಲ್ಲಿ ಬೆರಳು ನಿಂತಿತು. ದಾರಿ ಎರಡಾಗುವುದು ಅಲ್ಲೇ.

"ನೀವು ಇಲ್ಲೇ ಕೂತಿರಿ, ಮೆಟ್ಟಿಲು ಬೇಡ. ಅವರನ್ನು ನಾನು ಕರ್ಕೊಂಡು ಹೋಗ್ತೇನೆ" ಎಂದಳು, ಪಿಸುದನಿಯಲ್ಲಿ. ಎದುರಿಗೆ ಯಾರೂ ಇರಲಿಲ್ಲ. ಆಮೇಲೆ ಬೆರಳು ಬೂದು ಚುಕ್ಕೆಯನ್ನು ಬಿಟ್ಟು, ಕರಿಯ ಮೇಲೆ ಇಳಿದು, ಒಂದು ಹಳೆಯ ಬಿಳಿ ಚುಕ್ಕೆಗೆ ಮುಟ್ಟಿತು.

ಅವಳು ಕೈ ತೊಳೆದು ಒಳಗೆ ಹೋಗಿ ಮೆಷಿನ್ನು ತುಳಿದಳು. ನಾನು ಅವಳ ಎಡಗಾಲಿನಲ್ಲೇ ಇದ್ದೆ. ಬಿಚ್ಚಲು ಮರೆತಿದ್ದಳೋ, ಬೇಕೆಂದೇ ಬಿಟ್ಟಿದ್ದಳೋ, ನಾನು ಹೇಳಲಾರೆ.