ಸಹಿ ಹಾಕಬಾರದವಳು

ಹೊಲಿಗೆ ಯಂತ್ರ ರಿಪೇರಿಯ ಆ ಅಂಗಡಿಗೆ ದೊಡ್ಡದೊಂದು ಬೋರ್ಡಿತ್ತು. ಅದನ್ನು ಓದಿಕೊಂಡು ಬಂದ ಗಿರಾಕಿ ಮಾತ್ರ ಒಬ್ಬರೂ ಇಲ್ಲ. ‘ಸೂಜಿಮಾವನ ಅಂಗಡಿ ಎಲ್ಲಿ’ ಎಂದು ಕೇಳಿಕೊಂಡೇ ಎಲ್ಲರೂ ಬರುತ್ತಿದ್ದರು. ಮಾವನ ಕೈ ಎಷ್ಟು ನಯವೋ ನಾಲಿಗೆ ಅಷ್ಟೇ ಚೂಪು. ಹೆಸರು ಯಾವುದರಿಂದ ಬಂತೋ ದೇವರೇ ಬಲ್ಲ. ಪಕ್ಕದ ಮೇಜಿನ ಮುಂದೆ ಕೂತು ಮೋಟಾರು ಬಿಚ್ಚಿ ಎಣ್ಣೆ ಬಿಡುವವಳು ಮಗಳು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರ ಸಂಸಾರ.

ಮಗಳು ಎಂದೆನಲ್ಲ, ರಕ್ತಕ್ಕೆ ಮಗಳಲ್ಲ. ಅಮ್ಮನ ಮೊದಲ ಮದುವೆಯಲ್ಲಿ ಹುಟ್ಟಿದವಳು. ಹೆತ್ತ ತಂದೆ ಅವಳು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡಿದ್ದ. ಈಗ ಅಮ್ಮನೂ ಇಲ್ಲ. ‘ಮಲಮಗಳು’ ಎಂಬ ಮಾತು ಆ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದೇ ಇಲ್ಲ, ಬಂದಿದ್ದರೆ ಮಾವ ಅದರ ಕಾಲು ಮುರಿಯುತ್ತಿದ್ದರು.

ಹೀಗಿರುವಾಗ ಮಾವನ ಹೃದಯದಲ್ಲಿ ಏನೋ ಕವಾಟ ಕೆಟ್ಟಿದೆ ಎಂದು ಡಾಕ್ಟರು ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿದರು. ಬಾಕಿ ವ್ಯವಹಾರ ಏನಾದರೂ ಇದ್ದರೆ ಮುಗಿಸಿಕೊಂಡು ಬನ್ನಿ ಎಂದೂ ಹೇಳಿದರು. ಮಾವ ನಕ್ಕುಬಿಟ್ಟರು. ತಾನು ಹೋದ ವರ್ಷವೇ ಉಯಿಲು ಬರೆದಿಟ್ಟಾಯಿತು, ವಕೀಲರಿಗೆ ಬಿಡಿಗಾಸೂ ಕೊಡದೆ ಬರೆದದ್ದು ಎಂದು ಜಂಬ. ಅದರಲ್ಲಿದ್ದದ್ದು ಒಂದೇ ಸಾಲು: ‘ನನ್ನ ನಂತರ ಎಲ್ಲವೂ ನನ್ನ ಮಗಳಿಗೆ.’ ಕೆಳಗೆ ಮಾವನ ಸಹಿ, ಸಾಕ್ಷಿಗಳಾಗಿ ಇಸ್ತ್ರಿ ಅಂಗಡಿಯವನ ಸಹಿ, ಮಗಳ ಸಹಿ.

ಅಷ್ಟರಿಂದ ಮಗಳಿಗೆ ಸಮಾಧಾನವಾಗಲಿಲ್ಲ. ಮಾವನ ತಮ್ಮನೊಬ್ಬರಿದ್ದರು, ನಿವೇಶನ ಕೊಡಿಸುವ ದಲ್ಲಾಳಿ. ಬಂದಾಗಲೆಲ್ಲ ಕಟ್ಟಡದ ಮುಂಭಾಗವನ್ನು ಕಣ್ಣಲ್ಲೇ ಅಳೆದು ಹೋಗುವರು. ಅಪ್ಪನಿಗೆ ಏನಾದರೂ ಆದರೆ ಈ ಅಂಗಡಿ, ಈ ಮೇಜು, ತಲೆಯ ಮೇಲಿನ ಸೂರು ತನ್ನದಾಗಿ ಉಳಿಯುತ್ತದೆಯೇ? ಅಪ್ಪನ ಆಪರೇಷನ್ನಿನ ಚಿಂತೆಯ ನಡುವೆ ಇದನ್ನೂ ಯೋಚಿಸುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ನಾಚಿಕೆ. ಆದರೆ ಹೊಟ್ಟೆಪಾಡು ನಾಚಿಕೊಂಡು ಕೂರುತ್ತದೆಯೇ?

ವಕೀಲರೆಂದರೆ ಮಾವ ಉರಿದು ಬೀಳುವರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಎದುರಿಗೆ ಒಡ್ಡುವರು. ಹಾಗಾಗಿ ಅವಳು ಹೇಳದೆ ಕೇಳದೆ ಒಬ್ಬಳೇ ಹೊರಟಳು. ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಕಚೇರಿಗೆ. ಅಲ್ಲಿನ ವಕೀಲರು ಅಪಘಾತದ ಪರಿಹಾರದ ಕೇಸಿಗೆ ಹೆಸರುವಾಸಿ. ಉಯಿಲೇ? ಅದನ್ನೂ ಮಾಡಿಬಿಡೋಣ ಬಿಡಿ ಎಂದು ಫೋನಿನಿಂದ ತಲೆಯೆತ್ತದೆ ಹೇಳಿದರು. ಅವಳು ಸಪ್ಪೆ ಮುಖ ಹೊತ್ತು ವಾಪಸು ಬಂದಾಗ ಮೆಷಿನ್ನಿಗೆ ಬೆಲ್ಟು ಹಾಕಿಸಲು ಬಂದಿದ್ದ ಟೈಲರಕ್ಕ ವಿಷಯ ಕೇಳಿ ಗದರಿದಳು.

“ಕಿವಿ ನೋವಿಗೆ ಯಾರಾದ್ರೂ ಹಲ್ಲಿನ ಡಾಕ್ಟರ ಹತ್ರ ಹೋಗ್ತಾರೇನೇ? ಉಯಿಲು, ವಾರಸು ಇದೇ ಕೆಲಸ ದಿನಾ ಮಾಡೋರು ಬೇಕು. ಚಪ್ಪಲಿ ಅಂಗಡಿ ಮೇಲೆ ಒಬ್ರು ವಕೀಲಮ್ಮ ಇದ್ದಾರೆ, ಹೋಗು.”

ಎಂಥ ಹೆಂಗಸು ಅಂತೀರಿ ಆ ವಕೀಲಮ್ಮ! ಕೋಣೆ ಎಂದರೆ ಒಂದು ಮೇಜು, ನಾಲ್ಕು ಕುರ್ಚಿ, ರಸ್ತೆಗೆ ತೆರೆದ ಕಿಟಕಿ. ಕೆಳಗಿನಿಂದ ಹೊಸ ಚಪ್ಪಲಿಯ ಚರ್ಮದ ವಾಸನೆ. ನೀವು ನನಗೆ ಏನನ್ನೂ ಹೇಳುವ ಮೊದಲು ನನ್ನನ್ನೇ ಪರೀಕ್ಷೆ ಮಾಡಿ ಎಂದರು. ಇಂಥ ಕೆಲಸ ಎಷ್ಟು ಮಾಡಿದ್ದೀರಿ, ಬರೆಯುವವರು ನೀವೋ ನಿಮ್ಮ ಗುಮಾಸ್ತರೋ, ಫೀಸು ಒಟ್ಟಿಗೋ ಗಂಟೆಗೋ, ಉಯಿಲಿನ ಮೂಲ ಪ್ರತಿ ಎಲ್ಲಿರುತ್ತದೆ, ನಾಳೆ ನೀವೇ ಇಲ್ಲವಾದರೆ ನಮ್ಮ ಗತಿ ಏನು, ಇಷ್ಟನ್ನೂ ಕೇಳದೆ ಯಾವ ವಕೀಲರನ್ನೂ ಒಪ್ಪಬೇಡಿ ಎಂದು ತಾವೇ ಪ್ರಶ್ನೆ ಹೇಳಿಕೊಟ್ಟು ತಾವೇ ಉತ್ತರ ಕೊಟ್ಟರು. ಅವಳಿಗೆ ಅಲ್ಲೇ ಅರ್ಧ ಭಾರ ಇಳಿಯಿತು. ಆಮೇಲೆ ಅವರು ಹೇಳಿದ್ದು ಒಂದೇ: ಆಸ್ತಿ ನಿಮ್ಮ ತಂದೆಯದು, ಮಾತಾಡಬೇಕಾದ್ದು ಅವರು. ಕರೆದುಕೊಂಡು ಬನ್ನಿ.

ಮಾವನನ್ನು ಕರೆತಂದದ್ದು ಇನ್ನೊಂದು ಕಥೆ. ಕೊನೆಗೆ ಟೈಲರಕ್ಕನ ಬೈಗುಳಕ್ಕೆ ಬಗ್ಗಿ ಬಂದರು. ವಕೀಲಮ್ಮ ಒಂದು ಸಾಲಿನ ಉಯಿಲನ್ನು ಓದಿ, ಮಗಳ ಕೈಲಿ ಯಾಕೆ ಸಹಿ ಹಾಕಿಸಿದಿರಿ ಎಂದು ಕೇಳಿದರು. ಮಾವ ಎದೆ ಮುಂದೆ ಮಾಡಿ ತಮ್ಮ ಅಂಗಡಿಯ ಕಾನೂನು ಹೇಳಿದರು: ರಿಪೇರಿಯಾದ ಮೆಷಿನ್ನು ಯಾರ ಕೈಗೆ ಹೋಗುತ್ತದೋ ಅವರ ಸಹಿ ಬೀಳಲೇಬೇಕು, ಆಗ ನಾಳೆ ತಕರಾರಿಲ್ಲ. ಎಲ್ಲವೂ ಹೋಗುವುದು ಇವಳ ಕೈಗೆ, ಅದಕ್ಕೇ ಇವಳ ಸಹಿ.

ವಕೀಲಮ್ಮ ನಗಲಿಲ್ಲ. ಅಂಗಡಿಗೆ ಅದು ಸರಿಯಾದ ಪದ್ಧತಿ ಎಂದು ಒಪ್ಪಿಕೊಂಡೇ, ಉಯಿಲಿಗೆ ತದ್ವಿರುದ್ಧ ಎಂದು ವಿವರಿಸಿದರು. ಯಾರಿಗೆ ಸಿಗಬೇಕೋ ಅವರೇ ಸಾಕ್ಷಿ ಸಹಿ ಹಾಕಿದರೆ ಅವರಿಗೆ ಕೊಟ್ಟದ್ದು ಬಿದ್ದುಹೋಗಬಹುದು. ಅಂದರೆ ಊರಿನವರೆಲ್ಲರ ಉಯಿಲಿಗೂ ಸಹಿ ಹಾಕಬಹುದಾದವಳು ಇಲ್ಲಿ ಮಾತ್ರ ಹಾಕಬಾರದಾಗಿತ್ತು. ಮಾವನ ಮುಖ ಇಳಿದುಹೋಯಿತು.

“ಇನ್ನೊಂದು ಕೇಳ್ಬೇಕು. ಮಗಳು ಅಂತ ಬರೆದಿದ್ದೀರಿ, ಹೆಸರಿಲ್ಲ. ಹುಟ್ಟಿದ ಮಗಳೋ, ದತ್ತು ತಗೊಂಡಿದ್ದೋ?”

ಮಾವ ಕಿಟಕಿಯ ಕಡೆ ತಿರುಗಿದರು. ಕಡೆಗೆ ಮಗಳೇ ಹೇಳಬೇಕಾಯಿತು.

“ನಾನು ಇವರ ಹೆಂಡತಿ ಮಗಳು, ಮೇಡಂ. ದತ್ತು ಅಂತೇನೂ ಆಗಿಲ್ಲ.”

ವಕೀಲಮ್ಮ ಮೆತ್ತಗೆ, ಆದರೆ ಏನನ್ನೂ ಮುಚ್ಚಿಡದೆ ಹೇಳಿದರು. ಸರಿಯಾದ ಉಯಿಲಿಲ್ಲದಿದ್ದರೆ ಕಾನೂನು ರಕ್ತಸಂಬಂಧವನ್ನು ಹುಡುಕಿಕೊಂಡು ಹೋಗುತ್ತದೆ, ಯಾರು ಸಾಕಿದರು, ಯಾರು ನೋಡಿಕೊಂಡರು ಎಂದು ಕೇಳುವುದಿಲ್ಲ. ಇವರ ವಿಷಯದಲ್ಲಿ ಎಲ್ಲವೂ ತಮ್ಮನಿಗೆ. ಆದ್ದರಿಂದ ಉಯಿಲಿನಲ್ಲಿ ಇವಳ ಹೆಸರು, ನಿಜವಾದ ಸಂಬಂಧ ಎರಡೂ ಸ್ಪಷ್ಟವಾಗಿರಬೇಕು. ಬರೀ ಮಗಳು ಎಂದು ಬರೆದರೆ, ಅಣ್ಣನಿಗೆ ಮಗಳೇ ಇರಲಿಲ್ಲ ಎಂದು ತಮ್ಮ ಅದನ್ನೇ ಹಿಡಿದು ಎಳೆಯಬಹುದು.

ಮಾವ ಎದ್ದು ನಿಂತರು. ತನ್ನ ಮಗಳನ್ನು ಮಲಮಗಳು ಎಂದು ಬರೆಸುವ ಕೈ ತನ್ನದಲ್ಲ, ಸತ್ತರೂ ಆಗದು ಎಂದು ಕಡ್ಡಿ ಮುರಿದಂತೆ ಹೇಳಿ ಮೆಟ್ಟಿಲಿಳಿದೇ ಬಿಟ್ಟರು.

ಆಮೇಲೆ ಅಂಗಡಿಯಲ್ಲಿ ಮಾವ ತಮ್ಮ ಪಾಡಿಗೆ ಸ್ಕ್ರೂ ತಿರುಗಿಸುವರು, ಮಗಳು ತನ್ನ ಪಾಡಿಗೆ ಒರೆಸುವಳು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಇವರ ಪ್ರೀತಿಗೆ ಏನು ಹೇಳುವುದು? ಮಗಳೆನ್ನುವ ಮಾತು ಉಳಿಯಲಿ ಎಂದು ಮಗಳನ್ನೇ ಬೀದಿಗೆ ಬಿಡಲು ಹೊರಟಿದ್ದಾರೆ! ಆಪರೇಷನ್ನು ಹತ್ತಿರ ಬಂತು. ಒತ್ತಾಯ ಮಾಡಿದರೆ ಎದೆಗೆ ಪೆಟ್ಟು, ಸುಮ್ಮನಿದ್ದರೆ ತನ್ನ ಹೊಟ್ಟೆಗೆ ಪೆಟ್ಟು. ಅವಳು ಸುಮ್ಮನಿದ್ದಳು.

ಒಂದು ಮಧ್ಯಾಹ್ನ ವಕೀಲಮ್ಮ ತಾವಾಗಿಯೇ ಅಂಗಡಿಗೆ ಬಂದರು. ಕರೆದವರಿಲ್ಲ, ಕಕ್ಷಿದಾರ ಎದ್ದು ಹೋಗಿಯಾಗಿದೆ, ಆದರೂ ಬಂದರು. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ಯಜಮಾನರೊಬ್ಬರ ಹತ್ತಿರವೇ ಮಾತಾಡಬೇಕು, ನೀವಿದ್ದರೆ ನಾಳೆ ನೀವೇ ಹೇಳಿಕೊಟ್ಟದ್ದು ಎನ್ನುತ್ತಾರೆ ಎಂದು ಮಗಳನ್ನು ಹೊರಗೆ ಕಳಿಸಿದರು. ಅವಳು ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದಳು. ಗಾಜಿನಾಚೆ ಮಾವ ಮೊದಲು ಕೈ ಝಾಡಿಸಿದರು. ವಕೀಲಮ್ಮ ಏನೋ ಒಂದು ಕೇಳಿ ಸುಮ್ಮನೆ ಕಾದರು. ಆಮೇಲೆ ಮಾವ ಮಾತಾಡಿದ್ದೇ ಮಾತಾಡಿದ್ದು, ವಕೀಲಮ್ಮ ಬರೆದದ್ದೇ ಬರೆದದ್ದು. ಇಷ್ಟು ಮಾತನ್ನು ಮಾವ ಯಾರ ಹತ್ತಿರವೂ ಆಡಿದ್ದನ್ನು ಅವಳು ಕಂಡಿರಲಿಲ್ಲ.

ಸಹಿಯ ದಿನವೂ ಅವಳು ವಕೀಲಮ್ಮನ ಕೋಣೆಯ ಹೊರಗೇ, ಮೆಟ್ಟಿಲ ಮೇಲೆ. ಒಳಗೆ ಸಾಕ್ಷಿಗಳಾಗಿ ಚಪ್ಪಲಿ ಅಂಗಡಿಯವರು ಮತ್ತು ಎದುರಿನ ಔಷಧಿ ಅಂಗಡಿಯಾಕೆ, ಉಯಿಲಿನಿಂದ ಸೂಜಿಮೊನೆಯಷ್ಟೂ ಲಾಭವಿಲ್ಲದವರು. ಹಳೆಯ ಉಯಿಲು ರದ್ದು ಎಂಬ ಮಾತೂ ಸೇರಿತ್ತು, ಎಲ್ಲವನ್ನೂ ಜಾರಿಗೆ ತರುವ ಹೊಣೆ ಟೈಲರಕ್ಕನಿಗೆ. ಇದೆಲ್ಲ ಮಗಳಿಗೆ ಆಮೇಲೆ ಗೊತ್ತಾದದ್ದು. ಆ ಹೊತ್ತಿಗೆ ಅವಳಿಗಿದ್ದ ಭಯ ಒಂದೇ: ಆ ಪದ ಬಂದ ಕೂಡಲೇ ಅಪ್ಪ ಪೆನ್ನು ಎಸೆದು ಎದ್ದು ಬಂದರೆ?

ಬಾಗಿಲು ತೆರೆಯಿತು. ಮಾವ ಉಯಿಲಿನ ಒಂದು ಪ್ರತಿ ಹಿಡಿದು ಬಂದು, ಉಸ್ಸೆಂದು ಅವಳ ಪಕ್ಕದಲ್ಲೇ ಕೂತರು. ಮೂಗಿನ ಮೇಲೆ ಕನ್ನಡಕ ಏರಿಸಿದರು. ಕೇಳಿಸಿಕೋ ಎಂದು ಗದರಿ, ಅವಳ ಮುಖ ನೋಡದೆ ಓದತೊಡಗಿದರು. ಮೊದಲು ಅವಳ ಪೂರ್ತಿ ಹೆಸರು ಬಂತು.

“‘ಈಕೆ ನನ್ನ ದಿವಂಗತ ಪತ್ನಿಗೆ ಮೊದಲ ಮದುವೆಯಲ್ಲಿ ಹುಟ್ಟಿದವಳು. ತಾಯಿ ಮೆಷಿನ್ನು ರಿಪೇರಿಗೆ ತಂದಾಗ ಈಕೆ ನನ್ನ ಅಂಗಡಿಯಲ್ಲಿ ಆಡಿಕೊಂಡಿರುತ್ತಿದ್ದಳು. ಮದುವೆಯ ಮಾತೇ ಇಲ್ಲದಿದ್ದ ಒಂದು ದಿನ ಈಕೆ ನನ್ನನ್ನು ಅಪ್ಪ ಎಂದು ಕರೆದಳು. ನಾನು ಓಗೊಟ್ಟೆ. ತಾಯಿ ನನ್ನನ್ನು ಮದುವೆಯಾಗಲು ಒಪ್ಪಿದ್ದು ಅದಾದ ಮೇಲೆ. ಆದ್ದರಿಂದ ನಾನು ಮೊದಲು ಈಕೆಯ ತಂದೆ, ಆಮೇಲೆ ಈಕೆಯ ತಾಯಿಯ ಗಂಡ. ನನ್ನದೆಲ್ಲವೂ ಈಕೆಗೆ.’”

‘ಮಲಮಗಳು’ ಎಂಬ ಪದ ಎಲ್ಲೂ ಇರಲಿಲ್ಲ, ಸುಳ್ಳೂ ಇರಲಿಲ್ಲ. ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಆ ಮಹಾತಾಯಿ ಕೆಲಸ ಮುಗಿಸಿದ್ದರು. ಮದುವೆ ಮೊದಲೋ, ಅಪ್ಪ ಅಂದದ್ದು ಮೊದಲೋ ಎಂದು ಆಕೆ ಕೇಳಿದ್ದರಂತೆ, ಅಷ್ಟೇ. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಮಗಳೂ ಕೇಳಿರಲಿಲ್ಲ.

ಮಾವ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸುತ್ತಾ ಕೂತರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

“ಸುಳ್ಳು ಒಂದಕ್ಷರ ಇರಬಾರದು ಅಂದಿದ್ದಾರೆ ನಿನ್ನ ವಕೀಲಮ್ಮ,” ಎಂದರು. “ಇದೆಯಾ?”

“ಇಲ್ಲ ಅಪ್ಪ,” ಎಂದಳು ಮಗಳು.