ದೂರಿಗೆ ಸಂಪರ್ಕಿಸಿ: ಶೇಖರಪ್ಪ

ಯಲಹಂಕದ ಹಳೇ ಊರಿನಲ್ಲಿರುವ ಡಾಕ್ಟರ್ ಸುಬ್ರಮಣಿಯವರ ಕ್ಲಿನಿಕ್ಕಿಗೆ ಬಂದವರು ಡಾಕ್ಟರ ಹೆಸರಿಗಿಂತ ಮೊದಲು ಶೇಖರಪ್ಪನ ಹೆಸರನ್ನು ಓದುತ್ತಿದ್ದರು. ಧೂಮಪಾನ ನಿಷೇಧದ ಫಲಕದ ಕೆಳಗೆ, ದೂರು ಯಾರಿಗೆ ಕೊಡಬೇಕೋ ಅವರ ಹೆಸರು ಹಾಕಬೇಕೆಂದು ಕಾನೂನಿದೆ. ಮ್ಯಾನೇಜರ್ ಶೇಖರಪ್ಪ ಆ ಕಾನೂನನ್ನು ತುಸು ಹೆಚ್ಚೇ ಪಾಲಿಸಿದ್ದ. ಎಚ್ಚರಿಕೆಯ ಅಕ್ಷರಗಳಿಗಿಂತ ಅವನ ಹೆಸರು ದಪ್ಪವಾಗಿತ್ತು. ಒಬ್ಬಿಬ್ಬರು ಮುದುಕರು ಅವನೇ ಡಾಕ್ಟರೆಂದು ತಿಳಿದು ಮೊಣಕಾಲು ತೋರಿಸಿದ್ದೂ ಉಂಟು.

ಕಾನೂನು ಎಷ್ಟೋ ವರ್ಷಗಳಿಂದ ಇತ್ತು. ಫಲಕ ಮಾತ್ರ ಈಚೆಗೆ ಬಂತು, ಅದೂ ಎಕ್ಸ್‌ರೇ ತೆಗೆಯುವ ಸಂಗಮೇಶನ ದೆಸೆಯಿಂದ.

ಸಂಗಮೇಶ ಗದಗಿನ ಕಡೆಯವನು, ಶೇಖರಪ್ಪನ ಊರಿನವನೇ. ಗೊರಗುಂಟೆಪಾಳ್ಯದಲ್ಲಿ ಬಸ್ಸಿಳಿದು ಕಣ್ಣುಕಣ್ಣು ಬಿಡುತ್ತಿದ್ದವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ಕೆಲಸ ಕೊಡಿಸಿದ್ದು ಶೇಖರಪ್ಪ. ಆದರೆ ಬೆಳಗಿನ ರೋಗಿಗಳು ಮುಗಿದ ಮೇಲೆ ಡಾಕ್ಟರು ಹಿತ್ತಲಿನ ಜನರೇಟರ್ ಪಕ್ಕದಲ್ಲಿ ಒಂದು ಸಿಗರೇಟು ಹಚ್ಚುತ್ತಿದ್ದರು. ಸಂಗಮೇಶನೂ ಸೇದುತ್ತಿದ್ದ. ಶೇಖರಪ್ಪ ಸೇದುತ್ತಿರಲಿಲ್ಲ. ಒಳಗೆ 'ಬಿಟ್ಬಿಡ್ರೀ, ಶ್ವಾಸಕೋಶ ಹೋಗುತ್ತೆ' ಎಂದು ರೋಗಿಗಳನ್ನು ಗದರುವ ಡಾಕ್ಟರು ಹೊರಗೆ ಸಂಗಮೇಶನ ಬೆಂಕಿಪೊಟ್ಟಣಕ್ಕೆ ಬಗ್ಗುವುದನ್ನು ಅವನು ಸ್ಟೋರ್ ರೂಮಿನ ಕಿಟಕಿಯಿಂದ ನೋಡುತ್ತಿದ್ದ. ಇಷ್ಟು ವರ್ಷ ದುಡಿದರೂ ಡಾಕ್ಟರು ತನ್ನ ಮುಂದೆ ಹಾಗೆ ಬಗ್ಗಿದ್ದಿಲ್ಲವಲ್ಲ ಎನಿಸುತ್ತಿತ್ತು. ಆಮೇಲೆ ಕಿಟಕಿಗೆ ಬೆನ್ನು ಮಾಡಿ ನಿಂತು, ಮಧ್ಯೆ ಮಧ್ಯೆ ಡಾಕ್ಟರು ನಗುತ್ತಿದ್ದರು. ಏನು ಹೇಳಿದ್ದಕ್ಕೆ ನಕ್ಕರೆಂದು ಜನರೇಟರ್ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಕರೆಂಟ್ ಇದ್ದ ದಿನ ಏನೋ ದನಿ ಅರ್ಧಂಬರ್ಧ ಕೇಳಿಸುತ್ತಿತ್ತು, ಅದು ಇನ್ನೂ ಹಿಂಸೆ.

ಅಷ್ಟರಲ್ಲಿ ಚಿಕ್ಕಜಾಲದ ಸುದ್ದಿ ಬಂತು. ಅಲ್ಲಿ ಡಾಕ್ಟರ ತಂದೆಯ ಜಮೀನಿನಲ್ಲಿ ಎರಡನೇ ಕ್ಲಿನಿಕ್ ಏಳುತ್ತಿತ್ತು. ಅದಕ್ಕೊಬ್ಬ ಇನ್‌ಚಾರ್ಜ್ ಬೇಕು. ನ್ಯಾಯವಾಗಿ ಅದು ತನ್ನದೇ ಎಂದು ಶೇಖರಪ್ಪ ತಿಳಿದಿದ್ದ. ಆದರೆ ನ್ಯಾಯ ಕ್ಲಿನಿಕ್ಕಿನೊಳಗೆ ಕೂತಿರುತ್ತದೆ, ತೀರ್ಮಾನ ಜನರೇಟರ್ ಪಕ್ಕ ಆಗುತ್ತದೆ ಎಂಬ ಅನುಮಾನ ಅವನಿಗೆ.

ಹಾಗಾಗಿ ಫಲಕ ಬಂತು. ಬಾಗಿಲಿಗೊಂದು, ಹಾಲಿಗೊಂದು, ಜನರೇಟರ್ ಮೇಲಿನ ಗೋಡೆಗೊಂದು.

"ಸಾರ್, ರೂಲ್ಸು. ಕಾಂಪೌಂಡ್ ಒಳಗೆ ಎಲ್ಲೂ ಸೇದೋ ಹಾಗಿಲ್ಲ" ಎಂದ.

ಡಾಕ್ಟರು ಫಲಕ ನೋಡಿದರು, ಶೇಖರಪ್ಪನನ್ನು ನೋಡಿದರು. "ಸರಿಯಾಗೇ ಇದೆ ಕಣ್ರೀ. ನಾನೇ ಮಾಡ್ಬೇಕಿತ್ತು" ಎಂದರು. ಮರುದಿನದಿಂದ ಗೇಟು ದಾಟಿ, ರಸ್ತೆಯಾಚೆ ಮುನಿವೆಂಕಟಯ್ಯನ ಟೀ ಅಂಗಡಿಗೆ ಹೋದರು. ಹಿಂದೆ ಸಂಗಮೇಶ.

ಶೇಖರಪ್ಪನಿಗೆ ಆಗ ಅರಿವಾಯಿತು: ಜನರೇಟರ್ ಪಕ್ಕ ಅರ್ಧವಾದರೂ ಕೇಳಿಸುತ್ತಿದ್ದ ಮಾತು ಈಗ ಪೂರ್ತಿ ಕೈತಪ್ಪಿತ್ತು. ಸಾಲದ್ದಕ್ಕೆ ಅಂಗಡಿಯ ಮುಂದೆ ನೀಲಿ ಟಾರ್ಪಾಲು. ಸ್ಟೋರ್ ರೂಮಿನ ಇನ್ನೊಂದು ಕಿಟಕಿಗೆ ಮುಖವೊತ್ತಿ ನಿಂತರೆ ಸಂಗಮೇಶನ ಅರ್ಧ ಬೆನ್ನು, ಸ್ವಲ್ಪ ಹೊಗೆ. ಅದು ಇಬ್ಬರ ಹೊಗೆಯೋ ಒಬ್ಬನದೋ ಎಂದು ಹೇಳುವಷ್ಟು ಪರಿಣತಿ ಅವನಿಗಿರಲಿಲ್ಲ. ಆದರೂ ದಿನಾ ನಿಂತ. ಹೋಗುವಾಗ ರಿಸೆಪ್ಶನಿನ ರಾಧಾಮಣಿಗೆ "ಸ್ವಲ್ಪ ಕೌಂಟರ್ ನೋಡ್ಕೊಳಮ್ಮ" ಎನ್ನುತ್ತಿದ್ದ.

ರಾಧಾಮಣಿ ಚಿಕ್ಕಜಾಲದವಳು. ಅವಳ ಬಾಯಿಗೆ ಬಾಗಿಲಿರಲಿಲ್ಲ. "ಇಂಗೆ ದಿನಾ ಸ್ಟೋರ್ ರೂಮ್ನಾಗೆ ಏನ್ ಮಾಡ್ತೀರಾ ಶೇಖ್ರಪ್ಪಾರೇ? ಅತ್ತಿ ಉಂಡೆ ಎಣಿಸ್ತೀರಾ?"

"ಸ್ಟಾಕ್ ನೋಡ್ಬೇಕಮ್ಮ."

"ನೋಡಿ ನೋಡಿ. ನಿಮ್ ಕಣ್ ತಾಗಿ ಸ್ಟಾಕ್ ಕರಗೋಯ್ತದೆ."

ಎರಡು ವಾರ ಕಿಟಕಿಯಲ್ಲಿ ಕಳೆದ ಮೇಲೆ ಶೇಖರಪ್ಪ ದೊಡ್ಡದೊಂದು ತೀರ್ಮಾನಕ್ಕೆ ಬಂದ. ತಾನೂ ಸೇದುವುದು. ಆ ದಿನ ಸಂಗಮೇಶ ಗೇಟು ದಾಟಿದ ಕೂಡಲೇ, ಡಾಕ್ಟರು ಮುಂದೆ ಹೋಗಿರಬೇಕೆಂದುಕೊಂಡು, ತಾನೂ ರಸ್ತೆ ದಾಟಿದ.

"ಒಂದ್ ಸಿಗರೇಟ್ ಕೊಡಿ."

"ಯಾವ್ದು?" ಎಂದ ಮುನಿವೆಂಕಟಯ್ಯ.

ಶೇಖರಪ್ಪನಿಗೆ ಯಾವುದೂ ಗೊತ್ತಿರಲಿಲ್ಲ. ಕೆಂಪು ಪ್ಯಾಕಿನ ಕಡೆ ಬೆರಳು ತೋರಿಸಿದ. ಬಿಡಿಯಾಗಿ ಮಾರುವಂತಿಲ್ಲ ಎಂಬ ನಿಯಮ ಬಲ್ಲ ಏಕೈಕ ಗಿರಾಕಿಯಾದ್ದರಿಂದ ಇಡೀ ಪ್ಯಾಕು ಕೊಂಡ. ಟಾರ್ಪಾಲು ಸರಿಸಿ ಒಳಗೆ ನೋಡಿದರೆ ಸಂಗಮೇಶ ಒಬ್ಬನೇ ಇದ್ದ.

"ಯಪ್ಪಾ! ಶೇಖ್ರಣ್ಣ, ನೀವ ಬೋರ್ಡ್ ಹಚ್ಚಿ ನೀವ ಸೇದಾಕ ಬಂದ್ರ ಹೆಂಗ್ರಿ? ದೂರು ಯಾರಿಗೆ ಕೊಡ್ಲಿ ನಾ?"

"ಸುಮ್ನಿರೋ. ಸಾಹೇಬ್ರೆಲ್ಲಿ?"

"ಅವ್ರು ಬಿಟ್ಟು ಹತ್ರತ್ರ ಎರಡ್ ವಾರ ಆತಲ್ರೀ. ಎರಡು ದಿನ ಬಂದ್ರು, ಆಮ್ಯಾಲೆ ಬಂದೇ ಇಲ್ಲ."

ಶೇಖರಪ್ಪ ಹೊಗೆ ಎಳೆದುಕೊಂಡ. ಕಣ್ಣಲ್ಲಿ ನೀರು ಬಂತು. ಕೆಮ್ಮು ತಡೆದುಕೊಂಡು ಇಷ್ಟು ದಿನ ಬಾಯಿಗೆ ಬಂದು ನಿಂತಿದ್ದ ಪ್ರಶ್ನೆ ಕೇಳಿಯೇಬಿಟ್ಟ.

"ಏನ್ ಮಾತಾಡ್ತಿದ್ರೋ ನೀವಿಬ್ರು, ಅಷ್ಟು ನಕ್ಕೋತ?"

"ಮಾತ?" ಸಂಗಮೇಶ ನಿಜಕ್ಕೂ ಯೋಚಿಸಿದ. "ಮಾತೇನಿಲ್ರಿ. ಅವ್ರು ಫೋನ್ನ್ಯಾಗ ಜೋರಾಗಿ ಬೆಕ್ಕಿನ ವಿಡಿಯೋ ಹಚ್ಕೊಂಡು ನಗ್ತಿದ್ರು. ನಾ ಗ್ವಾಡಿ ನೋಡ್ಕೋತ ನಿಲ್ತಿದ್ದೆ. ನನ್ನ ಹೆಸರು ಸೋಮೇಶ ಅಂತ ತಿಳ್ಕೊಂಡಾರ ಅವ್ರು, ಇನ್ನೂತನ."

ಇಷ್ಟು ತಿಂಗಳ ಹೊಟ್ಟೆಯುರಿಗೆ ಸಿಕ್ಕ ಫಲ ಬೆಕ್ಕಿನ ವಿಡಿಯೋ. ಶೇಖರಪ್ಪನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಹಾಗಾದರೆ ಈ ಹೊತ್ತಿನಲ್ಲಿ ಡಾಕ್ಟರು ಎಲ್ಲಿರುತ್ತಾರೆ?

ವಾಪಸ್ ಬಂದಾಗ ಕ್ಲಿನಿಕ್ಕಿನ ಗಾಜಿನ ಬಾಗಿಲಾಚೆ ಡಾಕ್ಟರು ಕಂಡರು. ಕೌಂಟರಿನ ಹಿಂದೆ, ಶೇಖರಪ್ಪನ ಕುರ್ಚಿಯಲ್ಲೇ ಕೂತು, ರಾಧಾಮಣಿ ಮನೆಯಿಂದ ತಂದ ಬೇಯಿಸಿದ ಕಡಲೇಕಾಯಿ ಸುಲಿಯುತ್ತಿದ್ದರು. ಅವಳು ಏನೋ ಹೇಳುತ್ತಿದ್ದಳು. ಡಾಕ್ಟರು ನಕ್ಕರು. ಮುಂದೆ ಫೋನು ಇರಲಿಲ್ಲ.

"ಬನ್ನಿ ಶೇಖರಪ್ಪಾರೇ" ಎಂದರು ಡಾಕ್ಟರು. "ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕು. ರಸ್ತೆ ದಾಟಿ ಹೋಗ್ಬೇಕು, ವಾಪಸ್ ಬರುವಾಗ ಆ ಬೋರ್ಡ್ ಓದ್ಬೇಕು. ಮೂರನೇ ದಿನಕ್ಕೆ ಬೇಜಾರಾಗಿ ಬಿಟ್ಟೇಬಿಟ್ಟೆ. ನನ್ನ ಹೆಂಡ್ತಿ ಕೈಲಾಗದ್ದು ನಿಮ್ಮ ಬೋರ್ಡ್ ಮಾಡ್ತು." ಅಷ್ಟರಲ್ಲಿ ಮೂಗು ಅರಳಿಸಿದರು. "ಇದೇನ್ರೀ ವಾಸ್ನೆ?"

"ಟೀ ಅಂಗಡಿ ಹೊಗೆ ಸಾರ್."

"ಊಂ ಊಂ, ಅಂಗಡಿಯೋರೇ ಜೇಬ್ನಾಗೆ ಪ್ಯಾಕೂ ಇಕ್ಕವ್ರೆ" ಎಂದಳು ರಾಧಾಮಣಿ.

ಡಾಕ್ಟರು ಅವನ ಅಂಗಿ ಜೇಬಿನಿಂದ ಇಣುಕುತ್ತಿದ್ದ ಕೆಂಪನ್ನು ಕಂಡರು. ಸಿಗರೇಟು ಬಿಟ್ಟವರ ದಯೆ ಅವರ ಮುಖದಲ್ಲಿತ್ತು. ಅದನ್ನು ಸಹಿಸುವುದು ಕಷ್ಟ.

"ಅಂದ ಹಾಗೆ, ಚಿಕ್ಕಜಾಲದ್ದು ರಾಧಾಮಣಿ ನೋಡ್ಕೋತಾಳೆ. ಇಲ್ಲೇ ಕೂತ್ಕೊಂಡು ಮಾತಾಡ್ತಾ ಮಾತಾಡ್ತಾ ತೀರ್ಮಾನ ಆಯ್ತು. ಅಲ್ಲಿನ ಜನ ಎಲ್ಲ ಅವಳಿಗೆ ಗೊತ್ತು. ನಿಮ್ಮನ್ನೂ ಕೇಳೋಣ ಅಂದ್ರೆ ಈ ಟೈಮಲ್ಲಿ ನೀವು ಕೈಗೇ ಸಿಗಲ್ಲ, ಸ್ಟೋರ್ ರೂಮು ಅಂತೀರಿ. ಅಲ್ಲಿಗೂ ಬೋರ್ಡ್ ಬೇಕಲ್ಲ, ನೀವೇ ಬರೆಸಿ. ದೂರಿಗೆ ಇವಳ ಹೆಸರು."

"ಕಡ್ಲೇಕಾಯಿ ತಿನ್ನಿ ಶೇಖ್ರಪ್ಪಾರೇ" ಎಂದು ರಾಧಾಮಣಿ ಡಬ್ಬಿ ಚಾಚಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಸಂಜೆ ಶೇಖರಪ್ಪ ಫಲಕ ಬರೆಯುವ ಅಂಗಡಿಗೆ ಹೋದ. ಅಂಗಡಿಯವನಿಗೆ ಅವನ ಗುರುತಿತ್ತು.

"ಹೋದ್ಸಲದ್ದೇ ಡಿಸೈನಾ ಸಾರ್? ಹೆಸ್ರು ದಪ್ಪ ಅಕ್ಷರದಲ್ಲಿ?"

ಶೇಖರಪ್ಪ ಕಂಪ್ಯೂಟರಿನ ಪರದೆಗೆ ಬಗ್ಗಿ ನೋಡಿದ. ಅಲ್ಲಿ ಆಗಲೇ 'ರಾಧಾಮಣಿ' ಬಂದು ಕೂತಿತ್ತು.

"ಅಷ್ಟು ಬೇಡ" ಎಂದ. "ಹತ್ತಿರ ಬಂದೋರಿಗೆ ಕಾಣಿಸಿದ್ರೆ ಸಾಕು."

ಅಂಗಡಿಯವನು ಅಕ್ಷರದ ಗಾತ್ರ ಇಳಿಸಿದ.

"ಇನ್ನೂ ಸ್ವಲ್ಪ" ಎಂದ ಶೇಖರಪ್ಪ.